ಸೀಸನ್ ಶುರುವಿನ ಹಿಮ ಮತ್ತು ಅವಲಾಂಚ್ (ಹಿಮಕುಸಿತ): ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಹಿಮ ಬಿದ್ದ ಸುದ್ದಿ ಬಂದ ತಕ್ಷಣ ಬೆಟ್ಟಕ್ಕೆ ಹೊರಡೋರು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಮಾತಲ್ಲಿ, ಪತ್ರದಲ್ಲಿ, ಮೆಸೇಜಲ್ಲಿ ಬಂದಿದ್ದನ್ನ ಅವರು ಕೇಳಿದ ಹಾಗೇ ಇಟ್ಟಿದೀನಿ. ಇಲ್ಲಿ ಹೇಳ್ತಿರೋದೆಲ್ಲ ಸ್ಕೀ ಲಿಫ್ಟು, ಕಾವಲಿಗೆ ಪ್ಯಾಟ್ರೋಲು ಇಲ್ಲದ ಬ್ಯಾಕ್‌ಕಂಟ್ರಿ ಬಗ್ಗೆ. ತಿಂಗಳು, ದಿಕ್ಕು ಎಲ್ಲ ಉತ್ತರ ಗೋಳಾರ್ಧದ ಲೆಕ್ಕ, ದಕ್ಷಿಣಕ್ಕೆ ಹೋದ್ರೆ ಉಲ್ಟಾ ಮಾಡ್ಕೊಳ್ಳಿ.

## ಮೊದಲು ಬೇಸಿಕ್

ಸೀಸನ್ ಈಗಷ್ಟೇ ಶುರು, ಮೊಣಕಾಲುದ್ದ ಸ್ನೋ ಕೂಡ ಇಲ್ಲ. ಇಷ್ಟಕ್ಕೆಲ್ಲ ಅವಲಾಂಚ್ ಆಗತ್ತಾ?

ಆಗತ್ತೆ. 2017ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಅಕ್ಟೋಬರ್ ಮೊದಲ ವಾರದಲ್ಲೇ ಸ್ಕೀ ಮಾಡೋಕೆ ಹೋದವರಲ್ಲಿ ಒಬ್ಬರು ಅವಲಾಂಚ್‌ಗೆ ಸಿಕ್ಕಿ ಜೀವ ಕಳ್ಕೊಂಡಿದ್ದಾರೆ, ಆಗಿನ್ನೂ ಚಳಿಗಾಲ ಅಂತ ಯಾರೂ ಅಂದ್ಕೊಂಡಿರಲ್ಲ. 2014ರಲ್ಲಿ ಹುಡ್‌ಹುಡ್ ಚಂಡಮಾರುತ ಅಕ್ಟೋಬರ್ 12ಕ್ಕೆ ವಿಶಾಖಪಟ್ಟಣಕ್ಕೆ ಅಪ್ಪಳಿಸ್ತು, ಅದರ ಉಳಿದ ಮೋಡ ಎರಡು ದಿನದಲ್ಲಿ ನೇಪಾಳದ ಅನ್ನಪೂರ್ಣ ಭಾಗಕ್ಕೆ ಹೋಗಿ ಹಿಮ ಸುರೀತು, ಟ್ರೆಕ್ಕಿಂಗ್ ಸೀಸನ್ ಜೋರಾಗಿದ್ದ ಹೊತ್ತಲ್ಲಿ ಹಿಮಬಿರುಗಾಳಿಗೂ ಅವಲಾಂಚ್‌ಗೂ ಸೇರಿ 40ಕ್ಕೂ ಹೆಚ್ಚು ಜನ ಹೋದ್ರು.

"ಸ್ನೋ ಇಲ್ಲ" ಅನ್ನೋದು ನೀವು ನಿಂತಿರೋ ಜಾಗದ ಮಾತು. ಮೇಲೆ ರಿಡ್ಜ್ (ಬೆಟ್ಟದ ಏಣು) ಹಿಂದಿನ ತಗ್ಗಲ್ಲಿ, ಕೊರಕಲಲ್ಲಿ ಗಾಳಿ ತಂದು ತುಂಬಿದ ಹಿಮ ಎದೆಮಟ್ಟ ಇರಬಹುದು. ಇಡೀ ಬೆಟ್ಟ ಬೋಳಾಗಿ ಕಾಣ್ತಿದ್ದಾಗ ಸ್ಕೀ ಮಾಡೋ ಅಷ್ಟು ಹಿಮ ಎಲ್ಲಿದೆಯೋ ಜನ ಹುಡುಕ್ಕೊಂಡು ಅಲ್ಲಿಗೇ ಹೋಗ್ತಾರೆ, ಕುಸಿಯೋ ಅಷ್ಟು ಹಿಮ ಇರೋದೂ ಅದೇ ಜಾಗದಲ್ಲಿ. ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

ಅವಲಾಂಚ್ ಆಗೋಕೆ ಏನೇನು ಇರ್ಬೇಕು? ಜೋರಾಗಿ ಕೂಗಿದ್ರೆ ಬೀಳತ್ತೆ ಅಂತಾರಲ್ಲ?

ಕೂಗಿದ್ರೆ ಬೀಳಲ್ಲ, ಮನುಷ್ಯನ ದನಿಗೆ ಅಷ್ಟು ಒತ್ತಡ ಇಲ್ಲ. ಬೇಕಾಗಿರೋದು ಸಾಕಷ್ಟು ಇಳಿಜಾರು, ಒಂದಕ್ಕೊಂದು ಅಂಟಿಕೊಂಡು ಒಂದೇ ತುಂಡಾದ ಮೇಲಿನ ಹಿಮ, ಅದರ ಕೆಳಗೆ ಬಿಗಿ ಇಲ್ಲದ ಒಂದು ವೀಕ್ ಲೇಯರ್, ಮತ್ತೆ ಅದನ್ನ ಮುರಿಯೋ ಒಂದು ಭಾರ. ಮೇಲಿನ ತುಂಡಿಗೆ ಸ್ಲಾಬ್ ಅಂತಾರೆ, ಬ್ಯಾಕ್‌ಕಂಟ್ರಿಯಲ್ಲಿ ಜನರನ್ನ ಕೊಲ್ಲೋದು ಬಹುಪಾಲು ಈ ಸ್ಲಾಬ್ ಅವಲಾಂಚೇ. ಭಾರ ಅಂದ್ರೆ ಹೊಸ ಹಿಮ ಇರಬಹುದು, ಗಾಳಿ ತಂದಿದ್ದಿರಬಹುದು, ಮಳೆ ಇರಬಹುದು, ನೀವೂ ಇರಬಹುದು. ಸಾವಾದ ಪ್ರಕರಣಗಳಲ್ಲಿ ಸುಮಾರು 90 ಪರ್ಸೆಂಟ್‌ನಲ್ಲಿ ಕುಸಿತ ಶುರು ಮಾಡಿದ್ದು ಸಿಕ್ಕಿಬಿದ್ದವರೇ ಅಥವಾ ಅವರ ಜೊತೆಗಾರರೇ. ಕೇಳೋಕೆ ಸಂಕಟ ಆಗತ್ತೆ, ಆದ್ರೆ ಬಹಳಷ್ಟು ಸಲ ಇದು ನಮ್ಮ ಕೈಲಿದೆ ಅನ್ನೋದೂ ಇದರಿಂದಲೇ ಗೊತ್ತಾಗತ್ತೆ.

ಎಷ್ಟು ಡಿಗ್ರಿ ಇಳಿಜಾರಾದ್ರೆ ಡೇಂಜರ್? ಕಣ್ಣಲ್ಲೇ ಅಂದಾಜು ಮಾಡ್ಬಹುದಾ?

30ರಿಂದ 45 ಡಿಗ್ರಿ, ಅದರಲ್ಲೂ 38ರ ಆಸುಪಾಸು ಅತೀ ಹೆಚ್ಚು. ದುರದೃಷ್ಟ ಏನಂದ್ರೆ ಸ್ಕೀ ಮಾಡೋಕೆ ಮಜಾ ಬರೋದೂ ಇದೇ ಡಿಗ್ರಿಯಲ್ಲಿ. ಕಣ್ಣನ್ನ ನಂಬಬೇಡಿ, ಮೇಲಿಂದ ಒಂದು ಥರ ಕೆಳಗಿಂದ ಒಂದು ಥರ ಕಾಣತ್ತೆ. ಸಣ್ಣ ಕ್ಲೈನೋಮೀಟರ್ ಇಟ್ಕೊಳ್ಳಿ, ಇಲ್ಲಾಂದ್ರೆ ಫೋನಲ್ಲಿ ಇಳಿಜಾರು ಅಳೆಯೋ ಆ್ಯಪ್ ಇರತ್ತೆ, ಸ್ಕೀ ಪೋಲ್‌ನ ಹಿಮದ ಮೇಲೆ ಮಲಗಿಸಿ ಫೋನನ್ನ ಅದರ ಮೇಲಿಟ್ರೆ ಸಾಕು. ಇನ್ನೊಂದು, ನೀವು ನಡೀತಿರೋದು ಬರೀ 15 ಡಿಗ್ರಿ ಇಳಿಜಾರಿನ ಜಾಗ ಆದ್ರೂ ತಲೆ ಮೇಲೆ 38 ಡಿಗ್ರಿ ಸ್ಲೋಪ್ ಇದ್ರೆ ಅಲ್ಲಿಂದ ಬಂದಿದ್ದು ನಿಮ್ಮ ಮೇಲೇ ಬರೋದು.

ಕಲ್ಲು, ಪೊದೆ ಎಲ್ಲ ಇನ್ನೂ ಹೊರಗೆ ಕಾಣ್ತಿದೆ. ಅವು ಹಿಮನ ಹಿಡ್ಕೊಳಲ್ವಾ?

ದಟ್ಟವಾಗಿ ಇದ್ದು, ಹಿಮ ಇನ್ನೂ ಅವುಗಳ ಸಂದಿಯಲ್ಲೇ ಇದ್ರೆ ಸ್ವಲ್ಪ ಮಟ್ಟಿಗೆ ಹಿಡಿಯತ್ತೆ. ಆದ್ರೆ ಹುಲ್ಲುಗಾವಲಿನಂಥ ನುಣುಪು ಸ್ಲೋಪಲ್ಲಿ, ಅಗಲವಾದ ಬಂಡೆ ಹಾಸಿನ ಮೇಲೆ ಹಿಡಿಯೋಕೆ ಏನೂ ಇರಲ್ಲ. ಅಲ್ಲಲ್ಲಿ ಒಂದೊಂದು ಕಲ್ಲು ತಲೆ ಎತ್ತಿದ್ರೆ ಅದು ಭರವಸೆ ಕೊಡೋ ಗುರುತಲ್ಲ, ಯಾಕಂದ್ರೆ ಕಲ್ಲಿನ ಸುತ್ತ ಹಿಮ ತೆಳು, ತೆಳು ಇದ್ದಲ್ಲಿ ನಿಮ್ಮ ಭಾರ ನೇರವಾಗಿ ಕೆಳಗಿನ ವೀಕ್ ಲೇಯರ್‌ಗೆ ಮುಟ್ಟತ್ತೆ, ಅಲ್ಲಿ ಶುರುವಾದ ಬಿರುಕು ಪಕ್ಕದ ದಪ್ಪ ಹಿಮಕ್ಕೆ ಓಡತ್ತೆ. ಆ ಕಲ್ಲಿನ ಹತ್ರ ಹೋಗಿ ನಿಂತ್ರೆ ಸೇಫ್ ಅಂದ್ಕೊಳೋರು ತುಂಬಾ ಜನ.

## ಸೀಸನ್ ಶುರುವಿನ ಹಿಮದಲ್ಲಿ ಏನು ವಿಶೇಷ

ಅಕ್ಟೋಬರಲ್ಲಿ ಬಿದ್ದ ಹಿಮ ಡಿಸೆಂಬರ್ ಹೊತ್ತಿಗೆ ಕೂತು ಗಟ್ಟಿ ಆಗಿರ್ಬೇಕಲ್ವಾ?

ಎಲ್ರೂ ಹೀಗೇ ಅಂದ್ಕೊಳ್ತಾರೆ, ತೆಳು ಹಿಮದಲ್ಲಿ ಆಗೋದು ಮಾತ್ರ ಇದರ ಉಲ್ಟಾ.

ನೆಲದಲ್ಲಿ ಬೇಸಿಗೆಯ ಬಿಸಿ ಉಳಿದಿರತ್ತೆ, ಹಾಗಾಗಿ ಹಿಮದ ಬುಡ ಸುಮಾರು 0 ಡಿಗ್ರಿಯಲ್ಲೇ ಇರತ್ತೆ. ಮೇಲ್ಮೈ ಮಾತ್ರ ಮೋಡ ಇಲ್ಲದ ರಾತ್ರಿ ವಿಪರೀತ ತಣ್ಣಗಾಗತ್ತೆ. 30 ಸೆಂಟಿಮೀಟರ್ ಹಿಮ ಇದೆ, ಮೇಲೆ ಮೈನಸ್ 15 ಇದೆ ಅಂದ್ರೆ ಪ್ರತಿ 10 ಸೆಂಟಿಮೀಟರ್‌ಗೆ 5 ಡಿಗ್ರಿ ವ್ಯತ್ಯಾಸ ಆಯ್ತು. ಹಿಮದ ಹರಳು ಹಾಳಾಗೋಕೆ 10 ಸೆಂಟಿಮೀಟರ್‌ಗೆ 1 ಡಿಗ್ರಿ ದಾಟಿದ್ರೆ ಸಾಕು. ಇಷ್ಟು ವ್ಯತ್ಯಾಸ ಇದ್ದಾಗ ಕೆಳಗಿನ ಬೆಚ್ಚಗಿನ ಕಣಗಳಿಂದ ನೀರಾವಿ ಎದ್ದು ಮೇಲಿನ ತಣ್ಣಗಿನ ಕಣಗಳ ಮೇಲೆ ಕೂರತ್ತೆ, ಕಣಗಳ ನಡುವಿನ ಬೆಸುಗೆ ಹೋಗತ್ತೆ, ಕಣಗಳೇ ಮೂಲೆ ಮೂಲೆಯಾಗಿ ದೊಡ್ಡದಾಗ್ತಾ ಹೋಗತ್ತೆ. ಇವಕ್ಕೆ ಫೆಸೆಟ್ ಅಂತಾರೆ, ಬುಡದಲ್ಲಿ ಪೂರ್ತಿ ಬೆಳೆದ್ರೆ ಡೆಪ್ತ್ ಹೋರ್.

ನೋಡಬೇಕು ಅಂದ್ರೆ ಇಳಿಜಾರಿಲ್ಲದ ನೆರಳಿನ ಜಾಗದಲ್ಲಿ ನೆಲದ ತನಕ ಸಲಿಕೆಯಲ್ಲಿ ತೋಡಿ. ಗೋಡೆಯ ಬುಡದಲ್ಲಿ ಗ್ಲೌಸ್ ಬೆರಳಿಂದ ಸವರಿದ್ರೆ ಹಿಮ ಹರಳು ಸಕ್ಕರೆ ಥರ ಸುರಿಯತ್ತೆ. ಒಂದು ಹಿಡಿ ತಗೊಂಡು ಉಂಡೆ ಕಟ್ಟೋಕೆ ನೋಡಿ, ಕಟ್ಟಲ್ಲ, ಬೆರಳ ಸಂದಿಯಿಂದ ಜಾರಿ ಹೋಗತ್ತೆ. ಕಪ್ಪು ಗ್ಲೌಸ್ ಮೇಲೆ ನಾಲ್ಕು ಕಣ ಇಟ್ಟು ಲೆನ್ಸಲ್ಲಿ ನೋಡಿದ್ರೆ ಮೈಮೇಲೆ ಗೆರೆಗೆರೆ ಇರತ್ತೆ, ಕೆಲವು ಬಟ್ಟಲಿನ ಆಕಾರ. ನೋಡೋಕೆ ನಿಜವಾಗ್ಲೂ ಚೆಂದ. ಮುಂದಿನ ದೊಡ್ಡ ಹಿಮಪಾತ ಬಂದು ಇದರ ಮೇಲೆ ಕೂತಾಗ ಆ ಎಲ್ಲ ಭಾರ ನಿಂತಿರೋದು ಈ ಕಣಗಳ ಮೇಲೆ.

ಹಾಗಾಗಿ ಸೀಸನ್ ಶುರುವಲ್ಲಿ ಚೂರು ಹಿಮ ಬಿದ್ದು ಆಮೇಲೆ ಎರಡು ಮೂರು ವಾರ ಒಳ್ಳೇ ಬಿಸಿಲು, ಚಳಿ ರಾತ್ರಿ ಇತ್ತು ಅಂದ್ರೆ ಖುಷಿ ಪಡಬೇಡಿ, ಅದೇ ವೀಕ್ ಲೇಯರ್ ತಯಾರಾಗೋ ಟೈಮು.

ಹಾಗಾದ್ರೆ ಯಾವ ಸೈಡ್ ಸ್ಲೋಪ್ ಪರವಾಗಿಲ್ಲ?

ಉತ್ತರಕ್ಕೆ, ಈಶಾನ್ಯಕ್ಕೆ ಮುಖ ಮಾಡಿದ ಎತ್ತರದ ಸ್ಲೋಪ್‌ಗಳಿಗೆ ಬಿಸಿಲು ಕಮ್ಮಿ, ಮೊದಲ ಹಿಮ ಅಲ್ಲಿ ಕರಗದೆ ಉಳಿದು ಫೆಸೆಟ್ ಆಗತ್ತೆ. ದಕ್ಷಿಣದ ಸ್ಲೋಪಲ್ಲಿ ಅದು ಕರಗಿ ನೆಲ ಬಂದಿರತ್ತೆ, ಮುಂದಿನ ಹಿಮ ನೇರ ನೆಲಕ್ಕೆ ಬೀಳೋದ್ರಿಂದ ಬುಡದಲ್ಲಿ ಹಳೇ ವೀಕ್ ಲೇಯರ್ ಇರೋ ಸಾಧ್ಯತೆ ಕಮ್ಮಿ. ಪೂರ್ತಿ ಸೇಫ್ ಅಂತ ಹೇಳ್ತಿಲ್ಲ, ಅಲ್ಲೂ ಗಾಳಿ ಹಿಮ ತುಂಬಿರಬಹುದು, ಬಿಸಿಲಿಗೆ ಒದ್ದೆ ಹಿಮ ಜಾರಬಹುದು.

ನಾನು ಎಲ್ರಿಗೂ ಹೇಳೋ ಕೆಲಸ ಒಂದಿದೆ: ದೊಡ್ಡ ಹಿಮಪಾತ ಬರೋ ಹಿಂದಿನ ದಿನ ನೀವು ಹೋಗ್ಬೇಕು ಅಂದ್ಕೊಂಡಿರೋ ಬೆಟ್ಟದ ಫೋಟೋ ತೆಗೆದಿಟ್ಕೊಳ್ಳಿ, ಅಥವಾ ವೆಬ್‌ಕ್ಯಾಮ್, ಸ್ಯಾಟಲೈಟ್ ಚಿತ್ರ ಸೇವ್ ಮಾಡ್ಕೊಳ್ಳಿ. ಎಲ್ಲೆಲ್ಲಿ ಬಿಳಿ ಉಳಿದಿತ್ತೋ ಅಲ್ಲೆಲ್ಲ ಹಳೇ ಹಿಮ ಇದೆ ಅಂತ ಅರ್ಥ. ಒಂದು ಸಲ ಹೊಸ ಹಿಮ ಬಿದ್ದು ಎಲ್ಲ ಒಂದೇ ಬಿಳಿ ಆದ್ಮೇಲೆ ಇದನ್ನ ಕಂಡುಹಿಡಿಯೋಕೆ ಬೇರೆ ಸುಲಭದ ದಾರಿ ಇಲ್ಲ.

ಹಿಮ ಬಿದ್ದು ಎರಡು ದಿನ ಆಯ್ತು, ಆಕಾಶ ತಿಳಿ ಇದೆ, ಬರೀ ಗಾಳಿ. ಗಾಳಿಗೆ ಯಾಕೆ ಹೆದರ್ಬೇಕು?

ಗಂಟೆಗೆ 25-30 ಕಿ.ಮೀ. ಗಾಳಿ ಸಾಕು, ಸಡಿಲ ಹಿಮನ ಎತ್ಕೊಂಡು ಹೋಗತ್ತೆ. ರಿಡ್ಜಿನ ಈ ಕಡೆಯಿಂದ ಗುಡಿಸಿ ಆ ಕಡೆ ಸುರಿಯತ್ತೆ, ಹೀಗೆ ತುಂಬೋ ವೇಗ ಆಕಾಶದಿಂದ ಬೀಳೋದಕ್ಕಿಂತ 10 ಪಟ್ಟು ತನಕ ಇರಬಹುದು. ಜೊತೆಗೆ ಗಾಳಿಯಲ್ಲಿ ಉರುಳಿ ಬಂದ ಕಣಗಳು ಪುಡಿಯಾಗಿ ಒತ್ತೊತ್ತಾಗಿ ಕೂರೋದ್ರಿಂದ ತಕ್ಷಣ ಸ್ಲಾಬ್ ಆಗತ್ತೆ. ರಿಡ್ಜ್ ಮೇಲಿಂದ ಹಿಮದ ಧೂಳು ಹಾರ್ತಾ ಇದ್ರೆ ಅದು ಬೀಳ್ತಿರೋ ಕಡೆ ಭಾರ ಏರ್ತಾ ಇದೆ ಅಂತಲೇ ಲೆಕ್ಕ. ಕಾಲಿಟ್ಟಾಗ ಹಿಮ ಟೊಳ್ಳು ಸದ್ದು ಮಾಡಿದ್ರೆ, ಉಬ್ಬಿ ನುಣುಪಾಗಿ ಮಂಕು ಬಿಳಿ ಕಂಡ್ರೆ ವಾಪಸ್ ಬನ್ನಿ.

ಸಣ್ಣ ಅವಲಾಂಚ್ ಆದ್ರೆ ಏನಾಗತ್ತೆ, ಮುಚ್ಚಿಹೋಗೋ ಅಷ್ಟು ಹಿಮನೇ ಇಲ್ವಲ್ಲ?

ಮುಚ್ಚಿಹೋಗೋದು ಒಂದೇ ಅಪಾಯ ಅಲ್ಲ. ಅವಲಾಂಚ್ ಸಾವುಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಏಟಿನಿಂದ ಆಗೋದು. ಸೀಸನ್ ಶುರುವಲ್ಲಿ ಕಲ್ಲು, ಮರದ ಬೊಡ್ಡೆ ಎಲ್ಲ ಬರೀ ಒಂದು ಗೇಣು ಹಿಮದ ಕೆಳಗಿರತ್ತೆ, ಸಣ್ಣ ಸ್ಲಾಬ್ ನಿಮ್ಮನ್ನ ಅದರ ಮೇಲೆ ಎಳ್ಕೊಂಡು ಹೋದ್ರೂ ಸಾಕು. ಕೆಳಗೆ ಪ್ರಪಾತ ಇದ್ರೆ ಕಾಲು ತಪ್ಪಿಸೋ ಅಷ್ಟು ಹಿಮವೇ ಜಾಸ್ತಿ. ಕೊರಕಲು, ಹಳ್ಳ, ರಸ್ತೆಗೆ ಕಡಿದ ಜಾಗ ಇಂಥಲ್ಲಿ ಸಣ್ಣದೇ ಬಂದು ಒಂದೇ ಕಡೆ ಗುಡ್ಡೆ ಬಿದ್ರೆ ಮನುಷ್ಯ ಪೂರ್ತಿ ಮುಚ್ಚಿಹೋಗ್ತಾನೆ. ಗ್ಲೇಸಿಯರ್ ಮೇಲಾದ್ರೆ ಇನ್ನೊಂದು ಚಿಂತೆ, ಬಿರುಕಿನ ಮೇಲಿನ ಹಿಮದ ಸೇತುವೆ ಈ ಟೈಮಲ್ಲಿ ತೀರಾ ತೆಳು.

## ಹೊರಡೋ ಮುಂಚೆ

ನಮ್ಮ ಏರಿಯಾಗೆ ಅವಲಾಂಚ್ ಬುಲೆಟಿನ್ ಇನ್ನೂ ಶುರು ಆಗಿಲ್ಲ. ಏನು ನೋಡ್ಕೊಂಡು ಹೋಗೋದು?

ದಾವೋಸ್‌ನಲ್ಲಿರೋ ಸ್ವಿಸ್ ಸಂಸ್ಥೆ ಎಸ್‌ಎಲ್‌ಎಫ್, ಅವಲಾಂಚ್ ಕೆನಡಾ, ಭಾರತದ ಹಿಮಾಲಯಕ್ಕೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಓದ ಡಿಜಿಆರ್‌ಇ ಅನ್ನೋ ಪ್ರಯೋಗಾಲಯ, ಹೀಗೆ ಒಂದೊಂದು ಕಡೆ ಒಬ್ಬೊಬ್ಬರು ಬುಲೆಟಿನ್ ಕೊಡ್ತಾರೆ. ಆದ್ರೆ ಸೀಸನ್ ಶುರುವಲ್ಲಿ ಹಲವು ಕಡೆ ದಿನಾ ಬರಲ್ಲ, ಬಂದ್ರೂ ಮಾಹಿತಿ ಕಮ್ಮಿ, ಯಾಕಂದ್ರೆ ಮೇಲೆ ಹೋಗಿ ನೋಡಿದವರೇ ಕಮ್ಮಿ. ಬುಲೆಟಿನ್ ಇಲ್ಲ ಅಂದ್ರೆ ಡೇಂಜರ್ ಇಲ್ಲ ಅಂತ ಓದಬೇಡಿ.

ಆಗ ಲೆಕ್ಕ ನೀವೇ ಹಾಕ್ಬೇಕು. ಮೊದಲ ಹಿಮ ಯಾವತ್ತು ಬಿತ್ತು, ಆಮೇಲೆ ಎಷ್ಟು ದಿನ ಒಣಹವೆ ಇತ್ತು, ರಾತ್ರಿ ಎಷ್ಟು ಚಳಿ, ಕೊನೇ 24 ಗಂಟೆಯಲ್ಲಿ ಎಷ್ಟು ಬಿತ್ತು, ಗಾಳಿ ಯಾವ ಕಡೆಯಿಂದ. 24 ಗಂಟೆಯಲ್ಲಿ 30 ಸೆಂಟಿಮೀಟರ್ ಬಿದ್ದು ಜೊತೆಗೆ ಗಾಳಿನೂ ಇತ್ತು ಅಂದ್ರೆ 30 ಡಿಗ್ರಿ ಮೇಲಿನ ಸ್ಲೋಪ್ ಕಡೆ ಅವತ್ತು ಹೋಗಲೇಬೇಡಿ. ಬುಡದಲ್ಲಿ ಹಳೇ ಫೆಸೆಟ್ ಇದ್ರೆ ಅದಕ್ಕಿಂತ ಕಮ್ಮಿ ಹಿಮಕ್ಕೂ ಕುಸಿಯತ್ತೆ. ಇಷ್ಟೆಲ್ಲ ಹುಡುಕೋಕೆ ಟೈಮ್ ಇಲ್ಲದಿದ್ರೆ 30 ಡಿಗ್ರಿ ಒಳಗಿನ, ಮೇಲೆ ದೊಡ್ಡ ಸ್ಲೋಪ್ ಇಲ್ಲದ ದಾರಿ ಹಿಡೀರಿ, ಅದರಲ್ಲೂ ಒಳ್ಳೇ ದಿನ ಸಿಗತ್ತೆ.

ಡೇಂಜರ್ ಲೆವೆಲ್ 5ರಲ್ಲಿ 3 ಇದೆ. ಮಧ್ಯದ್ದು ತಾನೇ, ಹೋಗ್ಬಹುದಲ್ವಾ?

1993ರಲ್ಲಿ ಯುರೋಪಿನ ದೇಶಗಳು ಒಪ್ಕೊಂಡ 5 ಹಂತದ ಸ್ಕೇಲ್ ಇದು, ಉತ್ತರ ಅಮೆರಿಕದಲ್ಲೂ 5 ಹಂತವೇ. ಆದ್ರೆ ಇದು ಪರೀಕ್ಷೆ ಮಾರ್ಕ್ಸ್ ಲೆಕ್ಕದಲ್ಲಿ ಏರಲ್ಲ, ಒಂದೊಂದು ಹಂತಕ್ಕೂ ಅಪಾಯ ಪಟ್ಟುಪಟ್ಟು ಏರತ್ತೆ. 3ರಲ್ಲಿ ಒಬ್ಬ ಮನುಷ್ಯನ ಭಾರಕ್ಕೇ ಸ್ಲೋಪ್ ಕುಸಿಯೋ ಸಾಧ್ಯತೆ ಚೆನ್ನಾಗೇ ಇದೆ. ಜನ ಹೆಚ್ಚು ಸಾಯೋದು 4, 5ರಲ್ಲಿ ಅಲ್ಲ, 3ರಲ್ಲೇ, ಯಾಕಂದ್ರೆ 4 ಅಂದ್ರೆ ಮನೇಲಿರ್ತಾರೆ, 3 ಅಂದ್ರೆ ನಿಮ್ಮ ಹಾಗೇ ಯೋಚನೆ ಮಾಡ್ತಾರೆ. ನಂಬರ್‌ಗಿಂತ ಅದರ ಕೆಳಗೆ ಬರೆದಿರೋದನ್ನ ಓದಿ, ಯಾವ ದಿಕ್ಕು, ಯಾವ ಎತ್ತರ, ಯಾವ ಥರದ ತೊಂದರೆ ಅಂತ. "ಬುಡದಲ್ಲಿ ಹಳೇ ವೀಕ್ ಲೇಯರ್" ಅಂತ ಇದ್ರೆ ನಾನಂತೂ 2 ಇದ್ದಾಗಲೂ ನೆರಳಿನ ಕಡಿದಾದ ಸ್ಲೋಪ್‌ಗೆ ಹೋಗಲ್ಲ.

ನಾವು ನಾಲ್ಕು ಜನ, ಬೀಕನ್ ಸೆಟ್ ಇಬ್ಬರ ಹತ್ರ ಇದೆ. ಸಾಕಾಗತ್ತಾ?

ಸಾಕಾಗಲ್ಲ. ಬೀಕನ್ ಅಂದ್ರೆ ಮೈಗೆ ಕಟ್ಕೊಳೋ, ಸಿಗ್ನಲ್ ಕಳಿಸೋ ಮತ್ತೆ ಹುಡುಕೋ ಸಣ್ಣ ಯಂತ್ರ, ಅದು ಇಲ್ಲದವರು ಮುಚ್ಚಿಹೋದ್ರೆ ಹುಡುಕೋಕೆ ಸಿಗ್ನಲೇ ಇಲ್ಲ, ಸಲಿಕೆ ಇಲ್ಲದವರು ನಿಮ್ಮನ್ನ ತೆಗೆಯೋಕೆ ಆಗಲ್ಲ. ಬೀಕನ್, ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡೋ ಉದ್ದ ಕೋಲು), ಲೋಹದ ಸಲಿಕೆ, ಮೂರೂ ಪ್ರತಿಯೊಬ್ಬರ ಹತ್ರ ಇರ್ಬೇಕು. ಕುಸಿದು ನಿಂತ ಹಿಮ ಒಂದು ಘನ ಮೀಟರ್‌ಗೆ 300-400 ಕೆ.ಜಿ. ತೂಗತ್ತೆ, ಕೈಯಲ್ಲಿ ತೋಡೋಕೆ ಹೋದ್ರೆ ಆಗೋ ಕೆಲಸ ಅಲ್ಲ.

ಬೀಕನ್‌ಗಳೆಲ್ಲ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡೋದು, ಹಾಗಾಗಿ ಯಾವ ಕಂಪನಿದಾದ್ರೂ ಒಂದಕ್ಕೊಂದು ಸಿಗತ್ತೆ. ಬೇಸಿಗೆ ಪೂರ್ತಿ ಡಬ್ಬಿಯಲ್ಲಿದ್ದ ಬೀಕನ್ ತೆಗೆದ್ರೆ ಮೊದಲು ಬ್ಯಾಟರಿ ಗೂಡು ನೋಡಿ, ಹಳೇ ಸೆಲ್ ಸೋರಿ ಹಸಿರು ಕಟ್ಟಿರತ್ತೆ. ಹೊಸ ಆಲ್ಕಲೈನ್ ಸೆಲ್ ಹಾಕಿ, ಒಬ್ಬರು ಸೆಂಡ್ ಇನ್ನೊಬ್ಬರು ಸರ್ಚ್ ಮಾಡಿ ಎಷ್ಟು ದೂರದಿಂದ ಸಿಗತ್ತೆ ನೋಡಿ. ಫೋನು, ಕ್ಯಾಮೆರಾ ಬೀಕನ್‌ನಿಂದ 20 ಸೆಂಟಿಮೀಟರ್ ದೂರ ಇರ್ಲಿ, ಹುಡುಕೋವಾಗ 50. ಆಮೇಲೆ ಬಯಲಲ್ಲಿ ಒಂದು ಬೀಕನ್ ಹೂತಿಟ್ಟು ಎಲ್ರೂ ಹುಡುಕೋ ಅಭ್ಯಾಸ ಮಾಡಿ, ಆರು ತಿಂಗಳು ಮುಟ್ಟದೆ ಇದ್ರೆ ಕೈ ಮರೆತಿರತ್ತೆ.

ಏರ್‌ಬ್ಯಾಗ್ ಬ್ಯಾಗ್‌ಪ್ಯಾಕ್ ತಗೊಂಡ್ರೆ ಇದೆಲ್ಲ ಬೇಕಾ?

ಬೇಕು. ಗಾಳಿ ತುಂಬಿ ಉಬ್ಬೋ ಈ ಏರ್‌ಬ್ಯಾಗ್ ಪೂರ್ತಿ ಮುಚ್ಚಿಹೋಗೋ ಸಾಧ್ಯತೆ ಕಮ್ಮಿ ಮಾಡತ್ತೆ, ಅದು ನಿಜ. ಕಲ್ಲಿಗೆ ಬಡಿಯೋದನ್ನ ತಡೆಯಲ್ಲ, ಈ ಸೀಸನ್‌ನಲ್ಲಿ ಅದೇ ದೊಡ್ಡ ತೊಂದರೆ.

## ಬೆಟ್ಟದ ಮೇಲೆ

ನಡೀತಾ ಇದ್ದಾಗ ಕಾಲ ಕೆಳಗೆ 'ವುಂಫ್' ಅಂತ ಸದ್ದು ಬಂತು, ಆದ್ರೆ ಏನೂ ಬೀಳಲಿಲ್ಲ. ಸೇಫ್ ಅಂತ ತಾನೇ?

ಆ ಸದ್ದು ವೀಕ್ ಲೇಯರ್ ನಿಮ್ಮ ಭಾರಕ್ಕೆ ಕುಸಿದಿದ್ದು. ಹಿಮದ ಮೈ ಒಂದಿಷ್ಟು ಕೆಳಗಿಳಿದ ಹಾಗೆ ಕಾಲಿಗೆ ಗೊತ್ತಾಗತ್ತೆ, ಕೆಲವು ಸಲ ದೂರದ ಪೊದೆ ಅಲ್ಲಾಡೋದೂ ಕಾಣತ್ತೆ. ಬೀಳದೆ ಇದ್ದಿದ್ದು ನೀವಿದ್ದ ಜಾಗ ಸಮತಟ್ಟಾಗಿತ್ತು ಅಂತ, ಅಷ್ಟೇ. ಇದೇ ಸದ್ದು 35 ಡಿಗ್ರಿ ಸ್ಲೋಪಲ್ಲಿ ಬಂದಿದ್ರೆ ಆ ಸ್ಲೋಪ್ ನಿಮ್ಮ ಜೊತೆಗೇ ಹೊರಟಿರೋದು. ಸಮತಟ್ಟಲ್ಲಿ ಶುರುವಾದ ಬಿರುಕು ಓಡಿ ಪಕ್ಕದ ಕಡಿದಾದ ಸ್ಲೋಪ್‌ನ ಬೀಳಿಸೋದೂ ಉಂಟು, ಹಾಗಾಗಿ ಕೆಳಗೆ ನಿಂತವರೂ ಹುಷಾರು.

ಸ್ಕೀ ತುದಿಯಿಂದ ಬಿರುಕು ಓಡಿದ್ರೆ, ಅಕ್ಕಪಕ್ಕದಲ್ಲಿ ಹೊಸದಾಗಿ ಬಿದ್ದ ಅವಲಾಂಚ್ ಕಂಡ್ರೆ ಅದೂ ಇಷ್ಟೇ ಸ್ಪಷ್ಟ. ಯಾವ ಟೆಸ್ಟೂ ಇದಕ್ಕಿಂತ ಚೆನ್ನಾಗಿ ಹೇಳಲ್ಲ. ದಯವಿಟ್ಟು ತಿರುಗಿ ಬನ್ನಿ, ಎಷ್ಟು ದೂರದಿಂದ ಬಂದಿದ್ರೂ ಸರಿ.

ಆಗ್ಲೇ ಐದಾರು ಜನ ಇಳಿದ ಟ್ರ್ಯಾಕ್ ಇದೆಯಲ್ಲ, ಅವರಿಗೆ ಏನೂ ಆಗಿಲ್ಲ?

ತೆಳು ಹಿಮದಲ್ಲಿ ವೀಕ್ ಲೇಯರ್ ಎಷ್ಟು ಆಳದಲ್ಲಿದೆ ಅನ್ನೋದು ಹೆಜ್ಜೆ ಹೆಜ್ಜೆಗೂ ಬದಲಾಗತ್ತೆ. ಐದು ಜನ ದಪ್ಪ ಹಿಮದ ಮೇಲೆ ಹೋಗಿರ್ತಾರೆ, ಆರನೆಯವರು ಎರಡು ಮೀಟರ್ ಪಕ್ಕದಲ್ಲಿ ಕಲ್ಲಿನ ಹತ್ರ ತೆಳು ಜಾಗ ತುಳೀತಾರೆ. ಟ್ರ್ಯಾಕ್ ನೋಡಿ ಧೈರ್ಯ ತಗೋಬೇಡಿ. ಹೋಗಲೇಬೇಕಾದ್ರೆ ಒಬ್ಬೊಬ್ಬರಾಗಿ, ಉಳಿದವರು ಕುಸಿತದ ದಾರಿಯಿಂದ ಹೊರಗೆ ನಿಂತು ನೋಡ್ತಾ ಇರ್ಬೇಕು.

ಜೊತೆಯವರು ಮುಚ್ಚಿಹೋದ್ರೆ ಮೊದಲು ರೆಸ್ಕ್ಯೂಗೆ ಫೋನ್ ಮಾಡೋದಾ, ಹುಡುಕೋದಾ?

ಹುಡುಕೋದು. ಜನ ಸಾಕಷ್ಟಿದ್ರೆ ಒಬ್ಬರು ಸ್ವಲ್ಪ ದೂರ ಹೋಗಿ ಫೋನ್ ಮಾಡ್ಲಿ, ಒಬ್ಬರೇ ಉಳಿದಿದ್ರೆ ಮೊದಲು ಹುಡುಕಾಟ. ಮೊದಲ 10 ನಿಮಿಷದಲ್ಲಿ ಹೊರಗೆ ತೆಗೆದವರಲ್ಲಿ 10ಕ್ಕೆ 9 ಜನ ಬದುಕ್ತಾರೆ, 30 ನಿಮಿಷದ ಹೊತ್ತಿಗೆ ಅದು ಮೂರಕ್ಕೆ ಒಂದರ ಹತ್ರ ಇಳಿಯತ್ತೆ. ಹೆಲಿಕಾಪ್ಟರ್ 10 ನಿಮಿಷದಲ್ಲಿ ಬರೋದು ತೀರಾ ಅಪರೂಪ, ಅಲ್ಲಿರೋ ನೀವೇ ರೆಸ್ಕ್ಯೂ.

ಇನ್ನೊಂದು ಸ್ಲೋಪ್ ಬೀಳೋ ಹಾಗಿಲ್ವಾ ಅಂತ ಒಂದು ಸಲ ಮೇಲೆ ನೋಡಿ, ಕೊನೇಗೆ ಕಂಡ ಜಾಗ ಗುರುತಿಟ್ಟು, ಎಲ್ರೂ ಬೀಕನ್ ಸರ್ಚ್‌ಗೆ ಹಾಕಿ, ಆ ಜಾಗದಿಂದ ಕೆಳಕ್ಕೆ ಬರ್ತಾ ಹುಡುಕಿ. ಒಬ್ಬರದ್ದು ಸೆಂಡ್‌ನಲ್ಲೇ ಉಳಿದ್ರೂ ಎಲ್ರೂ ಅದನ್ನೇ ಹಿಂಬಾಲಿಸಿ ನಿಮಿಷಗಳು ಹೋಗತ್ತೆ. ಮೇಲೆ ಕಾಣೋ ಗ್ಲೌಸು, ಸ್ಕೀ ಎಲ್ಲ ನೋಡ್ತಾ ಹೋಗಿ. ಹತ್ರ ಬಂದ್ಮೇಲೆ ಬೀಕನ್‌ನ ಹಿಮದ ಮೈಗೆ ತಾಗಿಸಿ ನಿಧಾನಕ್ಕೆ ಆಡಿಸಿ ಅತೀ ಕಮ್ಮಿ ನಂಬರ್ (ಅದು ತೋರಿಸೋ ದೂರ) ಬರೋ ಜಾಗ ಹಿಡೀರಿ, ಅಲ್ಲಿಂದ ಪ್ರೋಬ್ ಚುಚ್ಚಿ. ತಾಗಿದ್ರೆ ಪ್ರೋಬ್ ಅಲ್ಲೇ ಬಿಡಿ, ಇಳಿಜಾರಿನ ಕೆಳಗಿನ ಕಡೆಯಿಂದ ಅಡ್ಡಕ್ಕೆ ತೋಡ್ಕೊಂಡು ಬನ್ನಿ, ನೇರ ಮೇಲಿಂದ ಗುಂಡಿ ಬೇಡ. ಮೊದಲು ಮುಖ, ಬಾಯಿ, ಮೂಗು ಬಿಡಿಸಿ, ಉಳಿದ ಮೈ ಆಮೇಲೆ.

## ಇನ್ನೂ ಆಳಕ್ಕೆ ಹೋಗೋರಿಗೆ

ಪಿಟ್ ತೋಡಿ ಟೆಸ್ಟ್ ಮಾಡಿದ್ವಿ, ರಿಸಲ್ಟ್ ಚೆನ್ನಾಗಿ ಬಂತು. ಧೈರ್ಯವಾಗಿ ಇಳೀಬಹುದಾ?

ಎಕ್ಸ್‌ಟೆಂಡೆಡ್ ಕಾಲಂ ಟೆಸ್ಟ್‌ನಲ್ಲಿ 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಒಳಕ್ಕೆ ಒಂದು ಕಂಬ ಬಿಡಿಸಿ, ಒಂದು ತುದಿಯಲ್ಲಿ ಸಲಿಕೆ ಇಟ್ಟು ಮಣಿಕಟ್ಟಿಂದ 10, ಮೊಣಕೈಯಿಂದ 10, ಭುಜದಿಂದ 10 ಸಲ ತಟ್ಟೋದು. ಬಿರುಕು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಒಂದೇ ಸಲಕ್ಕೆ ಓಡಿದ್ರೆ ಆ ಹಿಮ ಸ್ಲೋಪಲ್ಲೂ ಹಾಗೇ ಓಡಬಲ್ಲದು, ಅವತ್ತಿಗೆ ಪ್ಲಾನ್ ಮುಗೀತು. ಓಡದೆ ಇದ್ರೆ ನೀವು ತೋಡಿದ ಆ ಒಂದು ಜಾಗದಲ್ಲಿ ಓಡಲಿಲ್ಲ ಅಂತ ಗೊತ್ತಾಯ್ತು. ಸೀಸನ್ ಶುರುವಲ್ಲಿ ಹಿಮದ ದಪ್ಪ ಅಷ್ಟು ಅಸಮ ಇರೋದ್ರಿಂದ ಹತ್ತು ಮೀಟರ್ ಆಚೆ ಬೇರೆಯದೇ ಕಥೆ ಇರತ್ತೆ. ಹೋಗಬಾರದು ಅಂತ ನಿರ್ಧಾರ ಮಾಡೋಕೆ ಪಿಟ್ ಬಳಸಿ, ಹೋಗ್ಬಹುದು ಅಂತ ಸಮಾಧಾನ ತಗೊಳೋಕೆ ಬೇಡ.

ಬೆಳಿಗ್ಗೆ ಹಿಮದ ಮೇಲೆ ಗರಿಗರಿಯಾಗಿ ಹೊಳೆಯೋ ಹರಳು ಇತ್ತು. ಅದೇನು, ಅದೂ ತೊಂದರೆನಾ?

ಸರ್ಫೇಸ್ ಹೋರ್. ಗಾಳಿ ಇಲ್ಲದ ತಿಳಿ ರಾತ್ರಿ ಗಾಳಿಯಲ್ಲಿರೋ ತೇವ ನೇರ ಹಿಮದ ಮೈಮೇಲೆ ಹರಳಾಗಿ ಬೆಳೆಯತ್ತೆ. ಮೇಲೆ ಕಾಣ್ತಿರೋ ತನಕ ಏನೂ ಮಾಡಲ್ಲ, ಬಿಸಿಲಿಗೋ ಗಾಳಿಗೋ ಹಾಳಾದ್ರೆ ಒಳ್ಳೇದೇ ಆಯ್ತು. ಹಾಳಾಗದೆ ಅದರ ಮೇಲೆ ಹೊಸ ಹಿಮ ಕೂತ್ರೆ ವಾರಗಟ್ಟಲೆ ಉಳಿಯೋ ವೀಕ್ ಲೇಯರ್. ಹೀಗೆ ಎಲ್ಲಿ ಕಂಡಿದ್ರಿ, ಯಾವ ತಾರೀಕು ಮುಚ್ಚಿಹೋಯ್ತು ಅಂತ ಬರ್ದಿಟ್ಕೊಳ್ಳಿ.

ಬುಡದ ಈ ವೀಕ್ ಲೇಯರ್ ಯಾವತ್ತಾದ್ರೂ ಸರಿಹೋಗತ್ತಾ, ಇಲ್ಲ ಸೀಸನ್ ಪೂರ್ತಿ ಹೀಗೇನಾ?

ಎರಡೂ ಆಗಬಹುದು. ಹಿಮ ಬೇಗ ದಪ್ಪ ಆದ್ರೆ ವ್ಯತ್ಯಾಸ ಹಂಚಿಹೋಗತ್ತೆ, ಮೇಲೆ ಅದೇ ಮೈನಸ್ 15 ಇದ್ರೂ 2 ಮೀಟರ್ ಹಿಮದಲ್ಲಿ 10 ಸೆಂಟಿಮೀಟರ್‌ಗೆ 1 ಡಿಗ್ರಿನೂ ಬರಲ್ಲ. ಆಗ ಕಣಗಳ ಮೂಲೆ ಸವೆದು ನಿಧಾನಕ್ಕೆ ಮತ್ತೆ ಬೆಸುಗೆ ಹಿಡಿಯತ್ತೆ. ಆದ್ರೆ ಡೆಪ್ತ್ ಹೋರ್‌ನಂಥ ದೊಡ್ಡ ಕಣಕ್ಕೆ ಇದು ವಾರಗಳ, ಕೆಲವು ಸಲ ತಿಂಗಳುಗಳ ಕೆಲಸ. ಕರಾವಳಿ ಹತ್ರದ, ಹಿಮ ಜಾಸ್ತಿ ಬೀಳೋ ಬೆಟ್ಟಗಳಲ್ಲಿ ಬೇಗ ವಾಸಿ ಆಗತ್ತೆ, ಕೊಲರಾಡೋದಂಥ ಒಳನಾಡಿನ ಚಳಿ ಬೆಟ್ಟಗಳಲ್ಲಿ ವಸಂತದ ತನಕ ಉಳಿಯೋದು ಮಾಮೂಲು.

ಮಧ್ಯದಲ್ಲಿ ಒಂದು ಘಟ್ಟ ಬರತ್ತೆ, ವಾರಗಟ್ಟಲೆ ಯಾವ ಅವಲಾಂಚೂ ಇಲ್ಲ, ಸದ್ದೂ ಇಲ್ಲ, ಎಲ್ಲ ಸರಿಹೋಯ್ತು ಅನ್ಸತ್ತೆ. ಆಮೇಲೆ ಒಂದು ದೊಡ್ಡ ಹಿಮಪಾತವೋ, ಮಳೆಯೋ, ಮಾರ್ಚ್ ಏಪ್ರಿಲ್‌ನಲ್ಲಿ ಕರಗಿದ ನೀರು ಬುಡಕ್ಕೆ ಇಳಿಯೋದೋ ಆದ್ರೆ ಅದೇ ಅಕ್ಟೋಬರ್ ಲೇಯರ್ ಮತ್ತೆ ಏಳತ್ತೆ, ಆಗ ಕುಸಿಯೋದು ಇಡೀ ಸೀಸನ್ನಿನ ಹಿಮ. ಹಾಗಾಗಿ ಶುರುವಲ್ಲಿ ತೆಗೆದ ಫೋಟೋ, ಬರೆದಿಟ್ಟ ತಾರೀಕು ಎಲ್ಲ ಕೊನೇ ಟ್ರಿಪ್ ತನಕ ಇಟ್ಕೊಂಡಿರಿ, ಒಂದೊಂದು ದೊಡ್ಡ ಹಿಮಪಾತ ಆದ್ಮೇಲೂ ಇಳಿಜಾರಿಲ್ಲದ ನೆರಳಿನ ಜಾಗದಲ್ಲಿ ನೆಲದ ತನಕ ತೋಡಿ ಆ ಬುಡದ ಕಣ ಈಗ ಉಂಡೆ ಕಟ್ಟತ್ತಾ ಇಲ್ವಾ ಅಂತ ನೋಡ್ತಾ ಇರಿ.